ಕಿವಿಯಿಂದ ಕಣ್ಣಿಗೆ

1896ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಬ್ಬ ಹುಡುಗನ ವಿಷಯ ಅಚ್ಚಾಯಿತು. ಬರೆದವರು ಸಸೆಕ್ಸ್ ಸೀಮೆಯ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. ಹುಡುಗನ ಹೆಸರು ಪರ್ಸಿ, ವಯಸ್ಸು 14. ಆಟದಲ್ಲಿ ಮುಂದು, ಮಾತಿನಲ್ಲಿ ಚುರುಕು, ಕಣ್ಣಿನಲ್ಲಿ ಯಾವ ದೋಷವೂ ಇಲ್ಲ. ದೊಡ್ಡ ದೊಡ್ಡ ಅಂಕಿಗಳನ್ನು ಸರಾಗವಾಗಿ ಓದುತ್ತಿದ್ದ, ಲೆಕ್ಕ ಮಾಡುತ್ತಿದ್ದ. ಪದಗಳೆದುರು ಮಾತ್ರ ನಿಂತುಬಿಡುತ್ತಿದ್ದ. ತನ್ನ ಹೆಸರನ್ನೇ ಬರೆಯುವಾಗ ಅಕ್ಷರಗಳು ಹಿಂದುಮುಂದಾಗಿ ಪರ್ಸಿ ಹೋಗಿ ಪ್ರೆಸಿ ಆಗುತ್ತಿತ್ತು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ.

ಮೇಷ್ಟ್ರ ಆ ಮಾತು ನನಗೆ ತಲುಪಿದ್ದೂ ಕಿವಿಯ ಮೂಲಕವೇ. ಫೋನು ಓದಿ ಹೇಳಿತು, ನಾನು ಕೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಪರ್ಸಿಗೆ ಇದ್ದದ್ದು ನನಗೂ ಇದೆ. ಇವತ್ತು ಅದನ್ನು ಡಿಸ್ಲೆಕ್ಸಿಯಾ ಅನ್ನುತ್ತಾರೆ. ನನ್ನ ಊರು ತೀರ್ಥಹಳ್ಳಿಯ ಕಡೆ. ಈಗ ಇರುವುದು ನೋಯ್ಡಾದಲ್ಲಿ, ಕೆಲಸ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ. ಓದುವುದು ನನಗೆ ಬರುತ್ತದೆ. ನಿಧಾನವಾಗಿ ಬರುತ್ತದೆ, ದಣಿಸಿ ಬರುತ್ತದೆ, ಬಂದ ಮೇಲೂ ಪೂರ್ತಿ ನನ್ನದಾಗುವುದಿಲ್ಲ. ಇಷ್ಟು ವರ್ಷಗಳಲ್ಲಿ ನನಗೆ ಓದಿನಲ್ಲಿ ನೆರವಾದದ್ದೆಲ್ಲ ಒಂದೇ ಕಡೆಯಿಂದ ಬಂದಿದೆ. ಧ್ವನಿ ಮೊದಲು ಬಂದರೆ ಅಕ್ಷರ ಅದರ ಹಿಂದೆ ಬರುತ್ತದೆ. ಅಕ್ಷರವನ್ನು ಮುಂದೆ ನೂಕಿದರೆ ಎರಡೂ ಬರುವುದಿಲ್ಲ.

ಡಿಸ್ಲೆಕ್ಸಿಯಾ ಎಂಬ ಪದ ನಮ್ಮ ಜನಕ್ಕೆ ಗೊತ್ತಾದದ್ದು 2007ರಲ್ಲಿ, ಆಮಿರ್ ಖಾನರ 'ತಾರೇ ಜಮೀನ್ ಪರ್' ಬಂದ ಮೇಲೆ. ಆ ಚಿತ್ರ ಮಾಡಿದ ಉಪಕಾರ ದೊಡ್ಡದು. ಎಷ್ಟೋ ಮನೆಗಳಲ್ಲಿ ಬೆತ್ತ ಕೆಳಗಿಳಿದದ್ದು ಅದರಿಂದ. ಆದರೆ ಅಕ್ಷರಗಳು ಪುಟದ ಮೇಲೆ ಕುಣಿಯುತ್ತವೆ, ಓಡುತ್ತವೆ ಎಂಬ ಒಂದು ಚಿತ್ರವೂ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನನ್ನ ಅಕ್ಷರಗಳು ಕುಣಿಯುವುದಿಲ್ಲ. ಇದ್ದಲ್ಲೇ ಇರುತ್ತವೆ. ಅವು ಎಬ್ಬಿಸಬೇಕಾದ ಧ್ವನಿ ಬೇಗ ಏಳುವುದಿಲ್ಲ, ಅಷ್ಟೇ. ‘ಘ’ ಕಂಡಾಗ ಅದು ‘ಫ’ ಅಲ್ಲ ಎಂದು ಕಣ್ಣು ಹೇಳುತ್ತದೆ, ಹಾಗಾದರೆ ಏನು ಎಂಬುದು ಒಂದು ಗಳಿಗೆ ತಡವಾಗಿ ಬರುತ್ತದೆ. ಒತ್ತಕ್ಷರ ಬಂದರೆ ಮೇಲಿನದನ್ನು ಹಿಡಿದುಕೊಂಡು ಕೆಳಗಿನದನ್ನು ಹುಡುಕಬೇಕು, ಅಷ್ಟರಲ್ಲಿ ಮೇಲಿನದು ಜಾರಿರುತ್ತದೆ. ಅರ್ಕಾವತ್ತಂತೂ ಇನ್ನೊಂದು ಬಗೆ: ಕಿವಿಗೆ ಮೊದಲು ಬೀಳುವ ‘ರ್’ ಕಾಗದದ ಮೇಲೆ ಆಮೇಲೆ ಇರುತ್ತದೆ. ದೆಹಲಿಗೆ ಬಂದು ಹಿಂದಿ ಓದಲು ಕೂತಾಗ ಅಲ್ಲೂ ಇದರ ಜೋಡಿ ಸಿಕ್ಕಿತು. ದೇವನಾಗರಿಯಲ್ಲಿ ಹ್ರಸ್ವ ‘ಇ’ಕಾರದ ಗುರುತು ವ್ಯಂಜನಕ್ಕಿಂತ ಮುಂಚೆ ನಿಲ್ಲುತ್ತದೆ, ನುಡಿಯುವಾಗ ಅದರ ನಂತರ ಬರುತ್ತದೆ. ಸರಾಗವಾಗಿ ಓದುವವರಿಗೆ ಇವು ಇದ್ದದ್ದೇ ಗೊತ್ತಾಗುವುದಿಲ್ಲ.

ಮಲೆನಾಡಿನವರಿಗೆ ಕಾಲುಸಂಕ ಗೊತ್ತು. ಮಳೆಗಾಲದ ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಸಂಕ. ಸೇತುವೆಯ ಮೇಲೆ ಹೋಗುವವರು ಆಚೆ ದಡ ನೋಡಿಕೊಂಡು, ಪಕ್ಕದವರ ಹತ್ತಿರ ಮಾತಾಡಿಕೊಂಡು ಹೋಗುತ್ತಾರೆ. ಸಂಕ ದಾಟುವವರು ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕು. ದಡ ಇಬ್ಬರಿಗೂ ಸಿಗುತ್ತದೆ. ಆದರೆ ಸಂಕ ದಾಟಿದವನನ್ನು ದಾರಿಯಲ್ಲಿ ಏನೇನು ಕಂಡೆ ಎಂದು ಕೇಳಿದರೆ ಅವನು ಕಂಡದ್ದು ತನ್ನ ಕಾಲು ಮಾತ್ರ. ಒಂದು ಪುಟ ಓದಿ ಮುಗಿಸಿದ ಮೇಲೆ ‘ಏನಿತ್ತು ಅದರಲ್ಲಿ’ ಎಂದು ಯಾರಾದರೂ ಕೇಳಿದಾಗ ನನ್ನ ಸ್ಥಿತಿ ಅದೇ.

ಚಿಕ್ಕವನಿದ್ದಾಗ ನನ್ನ ಪರವಾಗಿ ಓದಿದವಳು ಅಕ್ಕ. ನನಗಿಂತ ನಾಲ್ಕು ತರಗತಿ ಮುಂದಿದ್ದಳು. ಸಮಾಜ ಪಾಠ, ವಿಜ್ಞಾನ ಪಾಠ ಎಲ್ಲವನ್ನೂ ಅವಳು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು, ನಾನು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕೇಳುವುದು. ಒಂದು ಮಳೆಗಾಲ ಅವಳು ‘ಮಲೆಗಳಲ್ಲಿ ಮದುಮಗಳು’ ಓದಿದಳು. ಅಲ್ಲಿನ ಮಾತುಗಳು ನಮ್ಮ ಸೀಮೆಯವೇ ಆದ್ದರಿಂದ ಅವಳು ಅರ್ಧ ವಾಕ್ಯ ಓದಿದಾಗಲೇ ಉಳಿದರ್ಧ ನನ್ನ ಬಾಯಿಗೆ ಬರುತ್ತಿತ್ತು. ಆಗ ಪುಸ್ತಕದ ಕಡೆ ನೋಡಿದರೆ, ಆಶ್ಚರ್ಯ, ಆ ಅಕ್ಷರಗಳು ನನಗೆ ಓದಲು ಸಿಗುತ್ತಿದ್ದವು! ಶಾಲೆಯಲ್ಲಿ ದಡ್ಡ ಎನ್ನಿಸಿಕೊಂಡ ಹುಡುಗ ಮನೆಯ ಜಗಲಿಯಲ್ಲಿ ಕುವೆಂಪು ಓದುತ್ತಿದ್ದ. ಏನು ನಡೆಯುತ್ತಿದೆ ಎಂದು ಅಕ್ಕನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬರುವ ಧ್ವನಿ ಯಾವುದೆಂದು ಮೊದಲೇ ತಿಳಿದಿರುವಾಗ ಕಣ್ಣಿನ ಕೆಲಸ ಹಗುರಾಗುತ್ತದೆ ಎಂದು ಈಗ ಬಲ್ಲೆ.

ದೆಹಲಿಯೂ ನನಗೆ ಮೊದಲು ಪರಿಚಯವಾದದ್ದು ಧ್ವನಿಯಾಗಿ. ಆ ದಿನಗಳಲ್ಲಿ ಆಕಾಶವಾಣಿಯ ಕನ್ನಡ ವಾರ್ತೆ ದೆಹಲಿಯಿಂದ ಬರುತ್ತಿತ್ತು. ಪೇಪರು ಓದಲಾಗದ ಹುಡುಗನಿಗೆ ದೇಶದ ಸುದ್ದಿಯೆಲ್ಲ ಗೊತ್ತಿರುತ್ತಿದ್ದದ್ದು ಆ ರೇಡಿಯೊದಿಂದ. ಯಾರೋ ದೂರದಲ್ಲಿ ಕೂತು ನನಗಾಗಿ ಓದುತ್ತಿದ್ದಾರೆ ಎಂದು ಆಗ ನಿಜವಾಗಿಯೂ ಅಂದುಕೊಂಡಿದ್ದೆ.

ಓದು ಎಂಬುದು ಮಾತಿನ ಹಾಗೆ ಹುಟ್ಟಿನಿಂದ ಬರುವುದಲ್ಲ. ಬರವಣಿಗೆ ಹುಟ್ಟಿ ಸುಮಾರು 5000 ವರ್ಷ, ಅಷ್ಟರಲ್ಲಿ ಮೆದುಳಿನಲ್ಲಿ ಅದಕ್ಕೆಂದೇ ಒಂದು ಜಾಗ ಬೆಳೆಯಲು ಸಾಧ್ಯವಿಲ್ಲ. ಮುಖಗಳನ್ನೂ ವಸ್ತುಗಳನ್ನೂ ಗುರುತಿಸುವ ಭಾಗದಲ್ಲೇ ಒಂದಿಷ್ಟನ್ನು ಪ್ರತಿ ಮಗುವೂ ಅಕ್ಷರಗಳಿಗೆ ಬಿಟ್ಟುಕೊಡಬೇಕಾಗುತ್ತದೆ ಎನ್ನುತ್ತಾರೆ ಫ್ರೆಂಚ್ ವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್. ಸೌಟಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಸೌಟೇ. ಇಂಗ್ಲಿಷಿನ ‘ಬಿ’ ಮತ್ತು ‘ಡಿ’ಗೆ ಮಾತ್ರ ಆ ನ್ಯಾಯ ನಡೆಯುವುದಿಲ್ಲ. ಆದ್ದರಿಂದ ಚಿಕ್ಕ ಮಕ್ಕಳೆಲ್ಲರೂ ಒಂದಷ್ಟು ಕಾಲ ಅಕ್ಷರ ತಿರುವುಮುರುವು ಬರೆಯುತ್ತಾರೆ. ಅದೊಂದೇ ಕಂಡು ಗಾಬರಿಯಾಗಬೇಕಾಗಿಲ್ಲ. ನಮ್ಮಂಥವರ ತೊಡಕು ಇರುವುದು ಅಕ್ಷರವನ್ನೂ ಧ್ವನಿಯನ್ನೂ ಬೆಸೆಯುವ ಕಡೆ, ಮಾತನ್ನು ಚಿಕ್ಕ ಚಿಕ್ಕ ಧ್ವನಿಗಳಾಗಿ ಒಡೆದು ಹಿಡಿದಿಟ್ಟುಕೊಳ್ಳುವ ಕಡೆ.

2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ತುಂಬ ಮುಖ್ಯ. ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಮೂರೂ ಕಡೆಯ ಡಿಸ್ಲೆಕ್ಸಿಯಾ ಇರುವವರ ಮೆದುಳು ಓದುವಾಗ ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರು. ಮೂವರಲ್ಲೂ ತೊಡಕು ಒಂದೇ ಜಾಗದಲ್ಲಿತ್ತು. ಆದರೂ ಇಟಲಿಯವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದಿದರು. ಕಾರಣ ಅವರ ಭಾಷೆಯ ಬರವಣಿಗೆ: ಅಲ್ಲಿ 25 ಧ್ವನಿಗಳಿಗೆ 33 ಬಗೆಯ ಕಾಗುಣಿತ. ಇಂಗ್ಲಿಷಿನಲ್ಲಿ 40 ಧ್ವನಿಗಳಿಗೆ 1120. ಇನ್ನೂ ವಿಚಿತ್ರವಾದದ್ದು 1999ರಲ್ಲಿ ವರದಿಯಾದ, ಜಪಾನಿನಲ್ಲಿ ಬೆಳೆದ ಒಬ್ಬ ಹುಡುಗನ ಕತೆ. ತಂದೆತಾಯಿ ಇಂಗ್ಲಿಷ್ ಮಾತಿನವರು, ಮನೆಮಾತು ಇಂಗ್ಲಿಷ್. ಇಂಗ್ಲಿಷ್ ಓದಲು ಪರದಾಡುತ್ತಿದ್ದ ಆ ಹುಡುಗ ಜಪಾನಿ ಲಿಪಿಗಳನ್ನು ಓದುವುದರಲ್ಲಿ ಓರಗೆಯವರಿಗೆ ಸಮನಾಗಿದ್ದ. ಒಬ್ಬನೇ ಮನುಷ್ಯ, ಒಂದೇ ಮೆದುಳು. ಒಂದು ಬರವಣಿಗೆಯಲ್ಲಿ ಮುಗ್ಗರಿಸಿ ಇನ್ನೊಂದರಲ್ಲಿ ನಡೆಯಬಲ್ಲ. ಕನ್ನಡದಲ್ಲಿ ಹೇಗೋ ದಾಟಿಕೊಂಡು ಬಂದಿದ್ದ ನಾನು ಪಿಯುಸಿಯಲ್ಲಿ ಇಂಗ್ಲಿಷ್ ಎದುರಾದಾಗ ಕುಸಿದುಹೋದದ್ದು ಏಕೆಂದು ನನಗೆ ಅರ್ಥವಾದದ್ದು ಈ ಎರಡರಿಂದ.

ಅಕ್ಕ ಮದುವೆಯಾಗಿ ಗುರುಗ್ರಾಮಕ್ಕೆ ಬಂದಳು. ಅವಳ ಮಗ ಪುಟ್ಟನಿಗೆ ಈಗ ಒಂಬತ್ತು. ಮನೆಯಲ್ಲಿ ಕನ್ನಡ, ಕೆಳಗೆ ಆಟದ ಜಾಗದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಎರಡನೇ ತರಗತಿಯಲ್ಲಿದ್ದಾಗಲೇ ಅಕ್ಕ ಒಂದು ರಾತ್ರಿ ಫೋನ್ ಮಾಡಿ, ‘ಇವ್ನೂ ನಿನ್ನಂಗೇ ಓದ್ತಾನೆ ಕಣೋ’ ಎಂದಳು. ಡಿಸ್ಲೆಕ್ಸಿಯಾ ಕುಟುಂಬದಲ್ಲಿ ಹರಿದುಬರುವುದು ಹೆಚ್ಚು, ಹಾಗಾಗಿ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಶಾಲೆಯವರು ಬೇರೆಯದೇ ಕಾರಣ ಹೇಳಿದರು. ಮೂರು ಮೂರು ಭಾಷೆ ಕಿವಿಗೆ ಬಿದ್ದು ಮಗು ಗೊಂದಲಗೊಂಡಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷೇ ಮಾತಾಡಿ ಎಂದರು.

ಈ ಸಲಹೆಯನ್ನು ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿರುವ ಎಷ್ಟು ಕನ್ನಡದ ಮನೆಗಳು, ತಮಿಳಿನ ಮನೆಗಳು, ಬಂಗಾಳಿಯ ಮನೆಗಳು ಕೇಳಿಸಿಕೊಂಡಿವೆಯೋ! ನನಗೆ ಇದರಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ. ಎರಡು ಮೂರು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಒಂದನ್ನು ಬಿಟ್ಟರೆ ಹೋಗುವುದೂ ಇಲ್ಲ. ಓದು ಕೈಕೊಟ್ಟ ಮಗುವಿಗೆ ಉಳಿದಿರುವ ದೊಡ್ಡ ಆಸ್ತಿ ಮಾತು. ಅಜ್ಜಿಯ ಕತೆ, ಊರಿನ ಹೆಸರುಗಳು, ಬೈಗುಳ, ಒಗಟು, ಹಾಡು ಇವೆಲ್ಲ ಬರುವುದು ಮನೆಮಾತಿನಲ್ಲಿ. ಪುಟದ ಮೇಲೆ ಸೋಲುತ್ತಿರುವ ಮಗುವಿನ ಕೈಯಿಂದ ಅದನ್ನೂ ಕಿತ್ತುಕೊಳ್ಳಿ ಎಂದು ಹೇಳುವುದು ಯಾವ ನ್ಯಾಯ?

ಈ ವಿಷಯದಲ್ಲಿ ಸರಿಯಾದ ದಾರಿ ತೋರಿಸಿದವರು ಅಕ್ಕನ ಮನೆಯಿಂದ ಬಹಳ ದೂರದಲ್ಲೇನೂ ಇರಲಿಲ್ಲ. ಜೈಪುರದ ಹೆದ್ದಾರಿಯಲ್ಲಿ ಗುರುಗ್ರಾಮ ದಾಟಿದರೆ ಮಾನೇಸರ್, ಅಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವಿದೆ. ಅಲ್ಲಿ ವಿಜ್ಞಾನಿಯಾಗಿದ್ದ ನಂದಿನಿ ಚಟರ್ಜಿ ಸಿಂಗ್ ಮತ್ತು ಅವರ ತಂಡ ಭಾರತೀಯ ಭಾಷೆಗಳಿಗಾಗಿ ಡಿಸ್ಲೆಕ್ಸಿಯಾ ಪರೀಕ್ಷೆಯೊಂದನ್ನು ಸಿದ್ಧಪಡಿಸಿ 2015ರಲ್ಲಿ ಹೊರತಂದರು. ಹೆಸರು ಡಾಲಿ. ಮೊದಲಿಗೆ ಬಂದ ನಾಲ್ಕು ಭಾಷೆಗಳು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್. ಹೌದು, ಕನ್ನಡ! ಒಂದು ಮತ್ತು ಎರಡನೇ ತರಗತಿಗೆ ಒಂದು, ಮೂರರಿಂದ ಐದಕ್ಕೆ ಇನ್ನೊಂದು ಎಂದು ಮೇಷ್ಟ್ರುಗಳೇ ಬಳಸಬಹುದಾದ ಪ್ರಶ್ನಾವಳಿಗಳು ಅದರಲ್ಲಿವೆ. ಆಳವಾದ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞರು ಮಾಡುತ್ತಾರೆ. ಅದರ ಹಿಂದಿನ ವಿಚಾರ ಸರಳ, ಆದರೆ ತೂಕದ್ದು. ಮಗು ಕಲಿಯುತ್ತಿರುವ ಭಾಷೆಗಳಲ್ಲೆಲ್ಲ ಪರೀಕ್ಷಿಸಿ. ಇಂಗ್ಲಿಷಿನಲ್ಲಿ ಮಾತ್ರ ಎಡವಿದರೆ ಅದು ಇಂಗ್ಲಿಷಿನ ಪರಿಚಯ ಸಾಲದೆ ಇರಬಹುದು. ಎಲ್ಲದರಲ್ಲೂ ಎಡವಿದರೆ ಅದನ್ನು ಡಿಸ್ಲೆಕ್ಸಿಯಾ ಎಂದು ನೋಡಬೇಕು. ಪುಟ್ಟನನ್ನು ಅಕ್ಕ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕರೆದುಕೊಂಡು ಹೋದಾಗ ಅವರು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಓದಿಸಿ ನೋಡಿದರು. ಎರಡರಲ್ಲೂ ಒಂದೇ ತೊಡಕು. ಕನ್ನಡ ಬಿಡಬೇಕೇ ಎಂದು ಅಕ್ಕ ಕೇಳಿದ್ದಕ್ಕೆ ಖಂಡಿತ ಬೇಡ ಎಂದರು. ಅಕ್ಕ ಆ ದಿನ ಮನೆಗೆ ಬಂದು ಅತ್ತಳು, ಸಮಾಧಾನಕ್ಕೆ.

ಅಲ್ಲಿಂದ ಭಾನುವಾರಗಳು ನನ್ನವು, ಪುಟ್ಟನವು. ನೋಯ್ಡಾದ ಬಟಾನಿಕಲ್ ಗಾರ್ಡನ್‌ನಲ್ಲಿ ಮೆಟ್ರೊದ ಮಜೆಂಟಾ ಲೈನು ಹತ್ತಿ, ಹೌಜ್ ಖಾಸ್‌ನಲ್ಲಿ ಇಳಿದು ಯೆಲ್ಲೊ ಲೈನು ಹಿಡಿದರೆ ಗುರುಗ್ರಾಮ. ದೆಹಲಿಯ ಮೆಟ್ರೊ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ದಾರಿಗಳಿಗೆ ಬಣ್ಣದ ಹೆಸರಿಟ್ಟವರು, ರಾಜೀವ್ ಚೌಕದಂಥ ನಿಲ್ದಾಣಗಳಲ್ಲಿ ನೆಲದ ಮೇಲೆ ಬಣ್ಣದ ಹೆಜ್ಜೆ ಮೂಡಿಸಿದವರು ನಮ್ಮಂಥವರನ್ನು ನೆನೆದಿದ್ದರೋ ಇಲ್ಲವೋ, ನಮಗಂತೂ ಅದು ದೊಡ್ಡ ಆಸರೆ. ಮುಂದಿನ ನಿಲ್ದಾಣದ ಹೆಸರನ್ನು ಹಿಂದಿಯಲ್ಲಿ ಶಮ್ಮಿ ನಾರಂಗ್, ಇಂಗ್ಲಿಷಿನಲ್ಲಿ ರಿನಿ ಸೈಮನ್ ಖನ್ನಾ ಅವರ ಮುದ್ರಿತ ಧ್ವನಿ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಕಿವಿಗೆ ಬಿದ್ದ ಮೇಲೆ ಗೋಡೆಯ ಮೇಲಿನ ಅದೇ ಹೆಸರು ನನಗೆ ಒಂದೇ ನೋಟಕ್ಕೆ ಸಿಗುತ್ತದೆ. ರಸ್ತೆಯ ಮೇಲೆ ಈ ಸೌಕರ್ಯವಿಲ್ಲ. ಅಲ್ಲಿ ಹೆಸರು ನಾಲ್ಕು ಲಿಪಿಗಳಲ್ಲಿ, ಹಿಂದಿ, ಇಂಗ್ಲಿಷ್, ಪಂಜಾಬಿ, ಉರ್ದು, ಎಲ್ಲವೂ ಮೌನವಾಗಿ.

ಪುಟ್ಟನ ಜೊತೆ ಮೊದಲ ತಿಂಗಳುಗಳಲ್ಲಿ ನಾವು ಪುಸ್ತಕ ಮುಟ್ಟಲಿಲ್ಲ. ಬರೀ ಧ್ವನಿಯ ಆಟ. ಕನ್ನಡದ ಮಕ್ಕಳಿಗೆ ‘ಕಮಲ’ವನ್ನು ಕ, ಮ, ಲ ಎಂದು ಒಡೆಯುವುದು ಸುಲಭ, ಏಕೆಂದರೆ ನಮ್ಮ ಬರವಣಿಗೆಯೇ ಹಾಗಿದೆ. ಆದರೆ ‘ಕ’ದೊಳಗೆ ‘ಕ್’ ಮತ್ತು ‘ಅ’ ಇವೆ ಎಂದು ಕೇಳಿಸಿಕೊಳ್ಳುವುದು ಕಷ್ಟ. ಬೆಂಗಳೂರಿನಲ್ಲಿದ್ದು ಕನ್ನಡ ಮಕ್ಕಳ ಓದಿನ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಸೊನಾಲಿ ನಾಗ್ ಇದನ್ನೇ ತೋರಿಸಿದ್ದಾರೆ. ಕಾಗುಣಿತದ 400ಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರಗಳು. ಅಕ್ಷರ ಕಲಿಕೆ ನಮ್ಮಲ್ಲಿ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕರವರೆಗೂ ನಡೆಯುತ್ತಲೇ ಇರುತ್ತದೆ. 26 ಅಕ್ಷರಗಳ ಅಳತೆಗೋಲಿನಲ್ಲಿ ನಮ್ಮ ಮಕ್ಕಳನ್ನು ಅಳೆಯಬಾರದು. ಬಿಡಿ ಧ್ವನಿಯ ಅರಿವೂ ಕನ್ನಡದ ಮಕ್ಕಳಲ್ಲಿ ತಡವಾಗಿ ಮೂಡುತ್ತದೆ. ಇಂಗ್ಲಿಷ್ ಓದಲು ಬೇಕಾದದ್ದು ಅದೇ.

ಆದ್ದರಿಂದ ನಮ್ಮ ಆಟ ಹೀಗೆ. ‘ಕಲ್ಲು’ ಎನ್ನುತ್ತೇನೆ. ಮೊದಲಿನ ‘ಕ್’ ತೆಗೆದು ‘ಹ್’ ಹಾಕು. ಹಲ್ಲು! ಆ ‘ಹ’ದೊಳಗಿನ ‘ಅ’ ತೆಗೆದು ‘ಉ’ ಹಾಕು. ಹುಲ್ಲು! ‘ಹ್’ ತೆಗೆದು ‘ಬ್’, ‘ಉ’ ತೆಗೆದು ‘ಇ’. ಸ್ವಲ್ಪ ಹೊತ್ತು ಬೇಕು, ತುಟಿ ಅಲ್ಲಾಡುತ್ತದೆ, ಆಮೇಲೆ ಬಿಲ್ಲು! ಕನ್ನಡದಲ್ಲಿ ಇದು ಕೈಗೆ ಬಂದ ಮೇಲೆ ಇಂಗ್ಲಿಷಿನ ಕ್ಯಾಟ್, ಬ್ಯಾಟ್, ಬಿಟ್‌ಗಳನ್ನು ಅವನು ತಾನಾಗಿಯೇ ಒಡೆಯತೊಡಗಿದ. ಕಿವಿ ಒಂದೇ ತಾನೆ? ಒಂದು ಭಾಷೆಯಲ್ಲಿ ಪಳಗಿದ್ದು ಇನ್ನೊಂದಕ್ಕೂ ಒದಗುತ್ತದೆ.

ಎರಡನೆಯದು ಕೈ. ಅಕ್ಕ ಸ್ಟೀಲಿನ ತಟ್ಟೆಯಲ್ಲಿ ರವೆ ಹರಡಿ ಕೊಡುತ್ತಾಳೆ. ಪುಟ್ಟ ಬಾಯಲ್ಲಿ ಧ್ವನಿ ಹೇಳುತ್ತ ಬೆರಳಲ್ಲಿ ಅಕ್ಷರ ತಿದ್ದುತ್ತಾನೆ. ಕೇಳುವುದು, ನುಡಿಯುವುದು, ಮುಟ್ಟುವುದು, ನೋಡುವುದು ನಾಲ್ಕೂ ಒಟ್ಟಿಗೆ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಶಿಕ್ಷಕಿ ಅನ್ನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದ ಈ ವಿಧಾನ ಇವತ್ತಿಗೂ ಡಿಸ್ಲೆಕ್ಸಿಯಾ ತರಬೇತಿಯ ತಾಯಿಬೇರು. ಧ್ವನಿ–ಅಕ್ಷರದ ನಂಟನ್ನು ಸುಲಭದಿಂದ ಕಷ್ಟಕ್ಕೆ, ಒಂದಾದ ಮೇಲೊಂದರಂತೆ, ಬಿಡಿಸಿ ಹೇಳಿಕೊಡುವುದು ಅದರ ಜೀವಾಳ. ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕೂಲಿಮಠಗಳು. ಅಲ್ಲಿ ಮರಳು ಹರಡಿ, ಗಟ್ಟಿಯಾಗಿ ಹೇಳುತ್ತ, ಬೆರಳಲ್ಲಿ ತಿದ್ದುತ್ತ ತಾನೆ ಮಕ್ಕಳು ಅಕ್ಷರ ಕಲಿತದ್ದು? ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ನಾವು ಮರುದಿನವೇ ಆ ಬೆರಳನ್ನು ಮರೆತುಬಿಡುತ್ತೇವೆ. ಕೂಲಿಮಠದ ಬೆತ್ತವನ್ನೂ ಬಾಯಿಪಾಠದ ದಬ್ಬಾಳಿಕೆಯನ್ನೂ ನಾನು ಹೊಗಳುವುದಿಲ್ಲ. ಮರಳನ್ನು ಮಾತ್ರ ಉಳಿಸಿಕೊಳ್ಳಬೇಕಿತ್ತು.

ಮೂರನೆಯದು ಜೊತೆ ಓದು. ಫೋನಿನಲ್ಲೋ ನನ್ನ ಬಾಯಲ್ಲೋ ಕತೆ ಮುಂದುವರಿಯುತ್ತ ಹೋಗುತ್ತದೆ, ಪುಟ್ಟನ ಬೆರಳು ಸಾಲಿನ ಮೇಲೆ ಸಾಗುತ್ತದೆ. ಅದೇ ಭಾಗವನ್ನು ಮತ್ತೆ ಮತ್ತೆ. ಮೂರು ನಾಲ್ಕು ಸಲ ಆದ ಮೇಲೆ ಅವನು ನನ್ನ ಧ್ವನಿಗೆ ತನ್ನದನ್ನು ಸೇರಿಸುತ್ತಾನೆ. ಕೊನೆಗೆ ನಾನು ಸುಮ್ಮನಾದದ್ದು ಅವನಿಗೆ ತಿಳಿಯುವುದೇ ಇಲ್ಲ. ಜಗಲಿಯಲ್ಲಿ ಅಕ್ಕ ನನಗೆ ಮಾಡಿದ್ದೂ ಇದನ್ನೇ. ಕಂಪ್ಯೂಟರಿನಲ್ಲಿ ಅಕ್ಷರಗಳ ನಡುವಿನ ಜಾಗ ಹೆಚ್ಚು ಮಾಡಿ ಮುದ್ರಿಸಿ ಕೊಡುತ್ತೇನೆ. ಇಟಲಿ, ಫ್ರಾನ್ಸಿನ ಮಕ್ಕಳ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಷ್ಟರಿಂದಲೇ ಓದಿನ ತಪ್ಪು ಕಡಿಮೆಯಾಗಿ ವೇಗ ಹೆಚ್ಚಿದ್ದು ಕಂಡಿದೆ. ಕನ್ನಡಕ್ಕೆ ಸಾಲುಗಳ ನಡುವೆಯೂ ಜಾಗ ಬೇಕು, ಒತ್ತುಗಳಿಗೆ ಉಸಿರಾಡಲು.

ಬಣ್ಣದ ಪ್ಲಾಸ್ಟಿಕ್ ಹಾಳೆ, ಬಣ್ಣದ ಕನ್ನಡಕ, ಕಣ್ಣಿನ ಕಸರತ್ತು ಎಂದು ದೆಹಲಿಯಲ್ಲಿ ಮಾರುವವರಿಗೆ ಕೊರತೆಯಿಲ್ಲ. ತೊಂದರೆ ಕಣ್ಣಿನಲ್ಲಿಲ್ಲದಿರುವಾಗ ಇವುಗಳಿಂದ ಓದು ಬಂದೀತೆಂಬುದಕ್ಕೆ ಒಳ್ಳೆಯ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಕಣ್ಣಿನ ವೈದ್ಯರ ಸಂಘಗಳೂ ಇದನ್ನೇ ಹೇಳಿವೆ. ಆ ದುಡ್ಡನ್ನು ಒಬ್ಬ ಒಳ್ಳೆಯ ವಿಶೇಷ ಶಿಕ್ಷಕಿಗೆ ಕೊಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಡಿಸ್ಲೆಕ್ಸಿಯಾ ಇರುವವರೆಲ್ಲ ಪ್ರತಿಭಾವಂತರು, ಐನ್‌ಸ್ಟೈನ್ ಹಾಗೇ ಇದ್ದರು ಎಂದು ಸಮಾಧಾನ ಮಾಡುವವರಿಗೂ ಒಂದು ಮಾತು. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಮಗು ಪ್ರತಿಭಾವಂತನಾದರೆ ಮಾತ್ರ ಅವನ ನಿಧಾನಕ್ಕೆ ಕ್ಷಮೆ ಎಂಬ ಹೊರೆ ಅದರೊಳಗಿದೆ. ಸಾಧಾರಣ ಮಗುವಿಗೂ ಓದುವ ಹಕ್ಕಿದೆ.

ಕನ್ನಡ ಸಾಹಿತ್ಯದೊಂದಿಗೆ ನನ್ನ ನಂಟು ಇಂದಿಗೂ ಹೆಚ್ಚಾಗಿ ಕಿವಿಯದು. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ, ಉಪನ್ಯಾಸಗಳಿದ್ದರೆ ಹೋಗುತ್ತೇನೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಸಿಗುವ ಕನ್ನಡ ಆಡಿಯೊ ಪುಸ್ತಕಗಳನ್ನು ದಾರಿಯುದ್ದಕ್ಕೂ ಕೇಳುತ್ತೇನೆ. ಕೇಳಿದ್ದು ಓದಿದ ಹಾಗೆ ಆಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ನಾನು ಗಮಕದ ಕಡೆ ಕೈ ತೋರಿಸುತ್ತೇನೆ. ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಂಥವರು ಹಳಗನ್ನಡ, ನಡುಗನ್ನಡದ ಪದ್ಯವನ್ನು ಸಂಧಿ ಬಿಡಿಸಿ, ಅರ್ಥ ಒಡೆಯುವಂತೆ ನಿಲ್ಲಿಸಿ ನಿಲ್ಲಿಸಿ ಹಾಡಿದ್ದರಿಂದಲೇ ಅಕ್ಷರ ಬಾರದ ಎಷ್ಟೋ ತಲೆಮಾರುಗಳಿಗೆ ಕುಮಾರವ್ಯಾಸ ಸಿಕ್ಕಿದ್ದು. ಅವರಿಗೆ ಕುಮಾರವ್ಯಾಸ ಗೊತ್ತಿರಲಿಲ್ಲ ಎಂದು ಯಾರು ಹೇಳುತ್ತಾರೆ?

ಕಾನೂನು ಈಗ ನಮ್ಮ ಪರವಾಗಿದೆ. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ನಾವಿರಲಿಲ್ಲ. 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿತು. 2018ರ ಮಾರ್ಗಸೂಚಿ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನು ಬಳಸಲು ಹೇಳಿತು. ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೂ 18ಕ್ಕೂ ಮರುಪರೀಕ್ಷೆ ಎಂದು ಅದರಲ್ಲಿತ್ತು. ಸಿಬಿಎಸ್‌ಇ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಡುತ್ತದೆ, ಬರೆಯಲು ಸಹಾಯಕರನ್ನು ಕೊಡುತ್ತದೆ. ಎಂಟು ತುಂಬುವವರೆಗೆ ಮಾತ್ರ ಯಾರೂ ಕಾಯಬಾರದು. ಕಾಗದ ಆಮೇಲೆ ಬರಲಿ, ಧ್ವನಿಯ ಆಟಕ್ಕೆ ಯಾರ ಸಹಿಯೂ ಬೇಕಾಗಿಲ್ಲ. ಮುದ್ರಿತ ಪುಸ್ತಕ ಓದಲಾಗದವರಿಗೆ ಬೇರೆ ರೂಪದಲ್ಲಿ ಪುಸ್ತಕ ಒದಗಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಣ್ಣು ಕಾಣದವರ ಜೊತೆಗೆ ಡಿಸ್ಲೆಕ್ಸಿಯಾದಂಥ ಓದಿನ ತೊಡಕಿನವರೂ ಅದರ ವ್ಯಾಪ್ತಿಯಲ್ಲಿದ್ದಾರೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅಂಥವರಿಗಾಗಿಯೇ ಇರುವ ಆನ್‌ಲೈನ್ ಗ್ರಂಥಾಲಯ. 2024ರ ಅಕ್ಟೋಬರಿನಲ್ಲಿ ಡಿಸ್ಲೆಕ್ಸಿಯಾ ಜಾಗೃತಿಗಾಗಿ ರಾಷ್ಟ್ರಪತಿ ಭವನ, ಇಂಡಿಯಾ ಗೇಟ್‌ಗಳಿಗೆ ಕೆಂಪು ದೀಪ ಹಾಕಿದ್ದರು. ಆ ಬೆಳಕನ್ನು ಕಂಡು ನನಗೆ ಖುಷಿಯಾಯಿತು. ಶಾಲೆಗೊಬ್ಬ ತರಬೇತಾದ ಶಿಕ್ಷಕಿ ಸಿಕ್ಕರೆ ಇನ್ನೂ ಖುಷಿಯಾದೀತು. ಖಾಸಗಿ ಶಾಲೆಯ, ಕಾರಿರುವ ಮನೆಯ ಪುಟ್ಟನಿಗೆ ಸಿಕ್ಕಿದ್ದು ದೆಹಲಿಯ ತ್ರಿಲೋಕಪುರಿಯ, ಸಂಗಮ್ ವಿಹಾರದ ಬಡ ಮಗುವಿಗೆ ಯಾವಾಗ ಸಿಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕಚೇರಿಯಲ್ಲಿ ಬರುವ ಉದ್ದುದ್ದ ಕರಾರುಪತ್ರಗಳನ್ನು ನಾನು ಕಿವಿಗೆ ಹಾಕಿಕೊಂಡು ಓದುತ್ತೇನೆ, ಕಣ್ಣು ಜೊತೆಗೆ ಹೋಗುತ್ತದೆ. 2017ರಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿದ್ದು ನನ್ನ ಬದುಕಿನಲ್ಲಿ ಒಂದು ದೊಡ್ಡ ಘಟನೆ. ಈ ಬರಹವನ್ನೂ ಮೊದಲು ಮಾತಾಡಿದ್ದೇನೆ, ಆಮೇಲೆ ಕೇಳಿದ್ದೇನೆ, ಕೊನೆಗೆ ನೋಡಿದ್ದೇನೆ.

ಪುಟ್ಟನಿಗೆ ಕನ್ನಡ ಅಕ್ಷರ ಕಲಿಸುವ ಯೋಚನೆ ನಮಗಿರಲಿಲ್ಲ. ಎರಡು ಲಿಪಿಗಳ ಭಾರವೇ ಅವನಿಗೆ ಸಾಕಷ್ಟಿತ್ತು. ಕಳೆದ ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಹೋಗಿ ಬಂದವನು ತಾನೇ ಕೇಳಿದ: ‘ಮಾಮಾ, ಅಲ್ಲಿನ ಬಸ್ಸಿನ ಬೋರ್ಡು ನಾನೇ ಓದ್ಬೇಕು.’ ಸರಿ, ಬಸ್ಸಿನ ಬೋರ್ಡುಗಳೇ ನಮ್ಮ ಪಠ್ಯವಾದವು. ಮೊದಲು ಒತ್ತಿಲ್ಲದ, ಗುಣಿತ ಕಡಿಮೆಯಿರುವ ಊರುಗಳು: ಸಾಗರ, ಹೊಸನಗರ. ಆಮೇಲೆ ಕೊಪ್ಪ, ಮಂಡಗದ್ದೆ. ವಟ್ರಸುಳಿಗಾಗಿ ಶೃಂಗೇರಿಯನ್ನು ಮುಂದಕ್ಕೆ ಹಾಕಿದ್ದೇವೆ. ಎಲ್ಲಕ್ಕಿಂತ ಕಷ್ಟದ್ದು ಅಜ್ಜಿಯ ಊರೇ. ತೀರ್ಥಹಳ್ಳಿ ಎಂಬ ನಾಲ್ಕಕ್ಷರದಲ್ಲಿ ದೀರ್ಘ ಇದೆ, ಮಹಾಪ್ರಾಣ ಇದೆ, ಅರ್ಕಾವತ್ತು ಇದೆ, ಕೊನೆಯಲ್ಲಿ ಒತ್ತೂ ಗುಡಿಸೂ ಸೇರಿ ಬರುತ್ತವೆ. ಇಂಥ ತೊಡಕುಗಳನ್ನು ನೋಡಿಯೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂದು ಪುಸ್ತಕ ಬರೆದರು, ನುಡಿಯದ ಮಹಾಪ್ರಾಣಗಳನ್ನು ಬರೆಯುವುದೇಕೆ ಎಂದು ಕೇಳಿದರು. ವಿದ್ವಾಂಸರು ಏನೇ ಅನ್ನಲಿ, ಮಗುವೊಂದರ ಪಕ್ಕದಲ್ಲಿ ಕೂತಾಗ ಆ ಪ್ರಶ್ನೆ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಬಸ್ಸಿನ ಬೋರ್ಡು ಇನ್ನೂ ಹಳೆಯ ರೀತಿಯಲ್ಲೇ ಇದೆ, ಪುಟ್ಟ ಓದಬೇಕಾದದ್ದು ಅದನ್ನು.

ಹೋದ ಭಾನುವಾರ ಅವನು ‘ತೀ’ ಹೇಳಿ, ‘ಥ’ದ ಹತ್ತಿರ ನಿಂತು, ಅರ್ಕಾವತ್ತಿನ ಮೇಲೆ ಬೆರಳಿಟ್ಟ. ‘ಇದು ಹಿಂದೆ ಹೋಗ್ಬೇಕಲ್ವಾ?’ ಎಂದು ಕೇಳಿದ. ಹೌದು ಎಂದೆ. ಬೆರಳನ್ನು ಹಿಂದಕ್ಕೆ ಎಳೆದು ಮತ್ತೆ ಶುರುಮಾಡಿದ. ‘ಹಳ್ಳಿ’ ಇನ್ನೂ ಬಾಕಿ ಇದೆ. ರಜೆಗೆ ಟಿಕೆಟ್ ಮಾಡಿಸಿಯಾಗಿದೆ, ಅಜ್ಜಿಗೆ ವಾಯ್ಸ್ ಮೆಸೇಜ್ ಕಳಿಸಿ ಬಸ್‌ಸ್ಟ್ಯಾಂಡಿಗೆ ಬರಲು ಹೇಳಿದ್ದಾನೆ.